ಪಟ್ಟಿಯಲ್ಲಿಲ್ಲದ ಪ್ರೋಗ್ರಾಂ

ವರ್ಗಾವಣೆ ಆದೇಶ ಕೈಗೆ ಬಂದ ಮೇಲೆ ಮನುಷ್ಯ ಬಾಯಿ ತೆರೆಯಬಾರದು. ಸಹಿ ಹಾಕು ಎಂದಲ್ಲಿ ಹಾಕಬೇಕು, ಬೀಗದ ಕೈ ಕೊಡು ಎಂದರೆ ಕೊಡಬೇಕು, ಚೀಲ ಹೆಗಲಿಗೇರಿಸಿ ಬಸ್ಸು ಹತ್ತಬೇಕು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಗುರುವಾರ ಮಧ್ಯಾಹ್ನ ನಾನು ಒಂದು ವಾಕ್ಯ ಹೆಚ್ಚಿಗೆ ಮಾತಾಡಿದೆ. ಆ ಒಂದು ವಾಕ್ಯ ಶನಿವಾರ ಸಂಜೆಯವರೆಗೆ ಒಂದು ಇಡೀ ಕಚೇರಿಯನ್ನು ನಿಲ್ಲಿಸಿತು.

ನಮ್ಮದು ತೂಕ ಮತ್ತು ಅಳತೆ ಕಚೇರಿ. ಊರಿನ ಅಂಗಡಿಗಳ ತಕ್ಕಡಿಗಳು, ಅಕ್ಕಸಾಲಿಗರ ಗಾಜಿನ ಪೆಟ್ಟಿಗೆಯ ಸೂಕ್ಷ್ಮ ಯಂತ್ರಗಳು, ಎಣ್ಣೆ ಅಳೆಯುವ ಮಾಪುಗಳು, ಎಲ್ಲವೂ ನಿಗದಿತ ಅವಧಿಗೊಮ್ಮೆ ನಮ್ಮಲ್ಲಿಗೆ ಬಂದು ಪರೀಕ್ಷೆ ಕೊಟ್ಟು ಹೋಗುತ್ತವೆ. ಪಾಸಾದರೆ ಮುದ್ರೆ ಮತ್ತು ಪ್ರಮಾಣಪತ್ರ. ಪ್ರಮಾಣಪತ್ರವಿಲ್ಲದ ತಕ್ಕಡಿಯಲ್ಲಿ ಒಂದು ಮೆಣಸಿನಕಾಯಿ ತೂಗಿದರೂ ಅಪರಾಧ. ಆ ಪ್ರಮಾಣಪತ್ರ ಕಚೇರಿಯ ಏಕೈಕ ಕಂಪ್ಯೂಟರಿನಿಂದ ಹೊರಡಬೇಕು, ಮತ್ತು ಆ ಕಂಪ್ಯೂಟರಿನ ಮುಂದೆ ಆರು ವರ್ಷದಿಂದ ನಾನು ಕೂತಿದ್ದೆ.

ಕಚೇರಿಯಲ್ಲಿ ನನ್ನನ್ನು ‘ತಜ್ಞರು’ ಎನ್ನುತ್ತಿದ್ದರು. ಒಮ್ಮೆ ಪರದೆ ಕಪ್ಪಾದಾಗ ಎಲ್ಲರೂ ಸುತ್ತ ನಿಂತು ಮರುಗುತ್ತಿದ್ದರು. ನಾನು ಹಿಂದೆ ಬಗ್ಗಿ ಸಡಿಲವಾಗಿದ್ದ ವೈರನ್ನು ಒತ್ತಿದೆ, ಪರದೆ ಬೆಳಗಿತು. ಅಂದಿನಿಂದ ಈ ಬಿರುದು. ನಾನೂ ಬೇಡವೆನ್ನಲಿಲ್ಲ. ಪುಕ್ಕಟೆ ಬಂದ ಮರ್ಯಾದೆಯನ್ನು ಯಾರು ವಾಪಸು ಕೊಡುತ್ತಾರೆ?

ನನ್ನ ಹೆಂಡತಿ ಐದು ಗಂಟೆ ಬಸ್ ಪ್ರಯಾಣದ ದೂರದ ಊರಿನ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ನಾಲ್ಕು ವರ್ಷದಿಂದ ನಮ್ಮ ಸಂಸಾರ ಭಾನುವಾರದ್ದು. ಒಂಬತ್ತು ಅರ್ಜಿ ಹಾಕಿದ ಮೇಲೆ ಆ ಊರಿಗೆ ವರ್ಗಾವಣೆ ಸಿಕ್ಕಿತ್ತು. ಆದೇಶದ ಕೊನೆಯ ಸಾಲು ಹೀಗಿತ್ತು: ‘ಶನಿವಾರ ಕಚೇರಿ ವೇಳೆ ಮುಗಿಯುವುದರೊಳಗೆ ಚಾರ್ಜ್ ವಹಿಸಿಕೊಟ್ಟು ಬಿಡುಗಡೆ ಹೊಂದದಿದ್ದಲ್ಲಿ ಈ ಆದೇಶ ತಾನಾಗಿಯೇ ರದ್ದಾಗತಕ್ಕದ್ದು.’ ನನ್ನ ಹಿಂದೆ ಆ ಹುದ್ದೆಗೆ ಇನ್ನೂ ಮೂವರು ಕಾದಿದ್ದರು.

ಚಾರ್ಜ್ ತೆಗೆದುಕೊಳ್ಳಲು ಬಂದವರು ಒಬ್ಬ ಮೇಡಂ. ಅವರ ಹೆಸರಿಗಿಂತ ಮೊದಲೇ ಅವರ ಅಡ್ಡಹೆಸರು ನಮ್ಮಲ್ಲಿಗೆ ತಲುಪಿತ್ತು: ಎಣಿಕೆ ಮೇಡಂ. ಹಿಂದಿನ ಕಚೇರಿಯಲ್ಲಿ ಹನ್ನೆರಡು ತೂಕದ ಬಟ್ಟುಗಳಿಗೆ ನಂಬಿಕೆಯ ಮೇಲೆ ಸಹಿ ಹಾಕಿದ್ದರು. ಎಣಿಸಿದಾಗ ಹನ್ನೊಂದು. ಚಾರ್ಜ್ ಕೊಟ್ಟು ಹೋದವನು ಹೋದ, ವಿಚಾರಣೆ ಮೂರು ವರ್ಷ ಇವರ ಮೇಲೆ ನಡೆಯಿತು. ಅಂದಿನಿಂದ ಅವರು ಮುಟ್ಟದೆ ಯಾವುದಕ್ಕೂ ಸಹಿ ಹಾಕುವುದಿಲ್ಲ.

"ಕುರ್ಚಿ ಒಂದು," ನಾನು ಪಟ್ಟಿ ಓದಿದೆ.

"ಕುರ್ಚಿಗೆ ಎರಡು ಕೈ ಇರ್ಬೇಕಲ್ವಾ? ಒಂದೇ ಇದೆ."

"ನಾನು ಬಂದಾಗಿಂದ ಒಂದೇ ಮೇಡಂ."

"ಹಾಗಂತ ಬರೀರಿ."

‘ಒಂದು ಕೈಯುಳ್ಳ ಕುರ್ಚಿ ಒಂದು’ ಎಂದು ಬರೆದೆ. ಬೀರು, ಬೀಗ, ಬೀಗದ ಕೈ, ನೀರಿನ ಹೂಜಿ, ಹೂಜಿಯ ಮುಚ್ಚಳ ದಾಟಿ ಕಂಪ್ಯೂಟರಿಗೆ ಬಂದೆವು.

"ಕಂಪ್ಯೂಟರ್ ಒಂದು," ಎಂದೆ.

"ಒಳಗೆ ಏನಿದೆ?"

‘ಇರೋದೆಲ್ಲ ಇದೆ ಮೇಡಂ’ ಎಂದಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಬಾಗಿಲಲ್ಲಿ ಜವಾನ ನಿಂತಿದ್ದ. ತಜ್ಞನಾದವನು ಹೋಗುವ ಮುನ್ನ ಒಂದು ಗುರುತು ಬಿಟ್ಟುಹೋಗಬೇಡವೇ? ನಾನು ಮೂರು ಗುಂಡಿಗಳನ್ನು ಒಟ್ಟಿಗೆ ಒತ್ತಿ, ಒಂದು ಕ್ಲಿಕ್ ಮಾಡಿದೆ. ಪರದೆಯ ಮೇಲೆ ಉದ್ದನೆಯ ಒಂದು ಪಟ್ಟಿ ತೆರೆಯಿತು.

"ನೋಡಿ ಮೇಡಂ, ಕಂಪ್ಯೂಟರ್ ಒಳಗೆ ತೆರೆಮರೆಯಲ್ಲಿ ಏನೇನು ಓಡ್ತಾ ಇದೆ ಅನ್ನೋದೆಲ್ಲ ಇಲ್ಲಿ ಬರುತ್ತೆ. ಪ್ರತಿಯೊಂದೂ ನನಗೆ ಪರಿಚಯ."

ಈ ಕೊನೆಯದೇ ಆ ಹೆಚ್ಚಿನ ವಾಕ್ಯ.

ಮೇಡಂ ಕುರ್ಚಿ ಎಳೆದುಕೊಂಡರು. ಕನ್ನಡಕ ಹಾಕಿಕೊಂಡರು. "ಹಾಗಾದ್ರೆ ಒಂದೊಂದೇ ಹೇಳಿ," ಎಂದರು.

ಅದರಲ್ಲಿ ತೊಂಬತ್ತಮೂರು ಪ್ರೋಗ್ರಾಂಗಳಿದ್ದವು. ಇದು ಗಡಿಯಾರದ್ದು, ಇದು ಸದ್ದಿನದ್ದು, ಇದು ಮೌಸಿನದ್ದು ಎಂದು ನಾನು ನಲವತ್ತರವರೆಗೆ ಹೇಳಿದೆ. ಅವುಗಳಲ್ಲಿ ಮೂರು ನಿಜವಿರಬಹುದು. ಸುಳ್ಳು ಹೇಳುವುದು ಸಣ್ಣ ದುಡಿಮೆಯಲ್ಲ. ನಲವತ್ತೊಂದನೆಯದರ ಹೊತ್ತಿಗೆ ಸುಸ್ತಾಗಿ ಹೋಗಿದ್ದೆ. ಅದರ ಹೆಸರು ‘ಕೆಜೆಎಸ್‌ಟಿಎಂ-೨’. ಕರೆಯಲು ಬಾಯಿಗೆ ಹಿಡಿತವೇ ಸಿಗದ ಹೆಸರು.

"ಇದು?"

"ಇದು... ಸ್ವಲ್ಪ ನೋಡ್ಬೇಕು ಮೇಡಂ."

"ಪ್ರತಿಯೊಂದೂ ಪರಿಚಯ ಅಂದ್ರಿ?"

"ಇದೊಂದು ಬಿಟ್ಟು."

ಮೇಡಂ ಪೆನ್ನಿಗೆ ಕ್ಯಾಪು ಹಾಕಿದರು. ಟಿಕ್ ಎಂಬ ಸದ್ದು. ಅದರ ಹಿಂದೆಯೇ ಒಂದು ಮೌನ. ಕಚೇರಿಗಳಲ್ಲಿ ಅನೇಕ ಬಗೆಯ ಮೌನಗಳಿವೆ: ಊಟದ ನಂತರದ್ದು, ಸಾಹೇಬರು ಬಂದಾಗಿನದ್ದು, ಯಾರೋ ಸತ್ತಾಗಿನದ್ದು. ಇದು ಆ ಯಾವುದೂ ಆಗಿರಲಿಲ್ಲ. ಇದು ಸಹಿ ಬೀಳದ ಮೌನ.

"ಪಟ್ಟೀಲಿ ಇಲ್ಲದ್ದು, ಕೊಡೋರಿಗೇ ಗೊತ್ತಿಲ್ಲದ್ದು. ಇದನ್ನ ನಾನು ಹೇಗೆ ತಗೊಳ್ಳಲಿ?" ಎಂದರು ಮೇಡಂ.

ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದು ಎಂದರೆ ಇದೇ. ಅದು ಎಷ್ಟೋ ವರ್ಷದಿಂದ ಯಾರ ತಂಟೆಗೂ ಹೋಗದೆ ತನ್ನ ಪಾಡಿಗೆ ತಾನಿತ್ತು. ನಾನೇ ತೆರೆ ಸರಿಸಿ ತೋರಿಸಿದೆ.

ಸಾಹೇಬರ ಕೋಣೆಗೆ ಹೋದೆವು. ನಮ್ಮ ಸಾಹೇಬರು ಕೆಟ್ಟವರಲ್ಲ. ಆದರೆ ಅವರ ಮುಂದೆ ಯಾವ ಕಡತ ಇಟ್ಟರೂ ಅಂಚಿನಲ್ಲಿ ‘ಚರ್ಚಿಸಿ’ ಎಂದು ಬರೆದು ಹಿಂದಕ್ಕೆ ಕಳಿಸುತ್ತಿದ್ದರು. ಚರ್ಚಿಸಲು ಹೋದರೆ ‘ಟಿಪ್ಪಣಿ ಮಂಡಿಸಿ’ ಎನ್ನುತ್ತಿದ್ದರು. ಹೀಗೆ ಇಪ್ಪತ್ತೆಂಟು ವರ್ಷ ಒಂದೇ ಒಂದು ತಪ್ಪು ನಿರ್ಧಾರವನ್ನೂ ತೆಗೆದುಕೊಂಡಿರಲಿಲ್ಲ.

"ಕೆಲಸ ಮಾಡ್ತಾ ಇದೆಯೇನ್ರೀ ಅದು?"

"ಮಾಡ್ತಾ ಇದೆ ಸಾರ್."

"ಏನು ಕೆಲಸ?"

"ಗೊತ್ತಿಲ್ಲ ಸಾರ್."

"ಎಂದಿನಿಂದ?"

"ಅದೂ ಗೊತ್ತಿಲ್ಲ."

"ಯಾರು ಸೇರಿಸಿಕೊಂಡಿದ್ದು? ಯಾರ ಆದೇಶ? ನಮ್ಮ ಕಚೇರೀಲಿ ಆದೇಶ ಇಲ್ಲದೆ ಕೆಲಸ ಮಾಡೋರು ಒಬ್ರಾದ್ರೂ ಇದಾರೇನ್ರೀ?"

ಬಾಗಿಲಿನಿಂದ ಜವಾನ, "ಆದೇಶ ಇದ್ದೂ ಮಾಡದೋರು ಇದಾರೆ ಸಾರ್," ಎಂದ.

ಸಾಹೇಬರು ಅದನ್ನು ಕೇಳಿಸಿಕೊಳ್ಳಲಿಲ್ಲ. ಕಂಪ್ಯೂಟರನ್ನು ಆರಿಸಕೂಡದು, ಮುಟ್ಟಕೂಡದು, ಅದರಿಂದ ಏನನ್ನೂ ಮುದ್ರಿಸಕೂಡದು, ತನಿಖೆ ಮುಗಿಯುವವರೆಗೆ ಯಥಾಸ್ಥಿತಿ ಕಾಪಾಡತಕ್ಕದ್ದು ಎಂದು ಬರೆಸಿದರು. ಜವಾನ ಸ್ಟೂಲು ಹಾಕಿಕೊಂಡು ಅದರ ಪಕ್ಕ ಕಾವಲು ಕೂತ. ಅರ್ಧ ಗಂಟೆಯ ನಂತರ ಅವನು ವರದಿ ಕೊಟ್ಟ: "ಇನ್ನೂ ಎಲ್ಲಿಗೂ ಹೋಗಿಲ್ಲ ಸಾರ್."

ಸಂಜೆ ಹೆಂಡತಿಗೆ ಫೋನ್ ಮಾಡಿದೆ.

"ಏನ್ರೀ ಹಾಗಂದ್ರೆ?" ಎಂದಳು. "ನಾನಿಲ್ಲಿ ಕಪಾಟಿನಲ್ಲಿ ನಿಮಗೆ ಅಂತ ಎರಡು ಅರೆ ಖಾಲಿ ಮಾಡಿದೀನಿ. ಅದರಲ್ಲಿದ್ದ ನಾಲ್ಕು ವರ್ಷದ ಬಟ್ಟೆಯೆಲ್ಲ ಮಂಚದ ಮೇಲಿದೆ. ನೀವು ಬರೋದಿಲ್ಲ ಅಂದ್ರೆ ನಾನು ಎಲ್ಲಿ ಮಲಗ್ಲಿ?"

"ಬರೋದಿಲ್ಲ ಅಂತ ಯಾರು ಹೇಳಿದ್ರು? ಅದೊಂದು ಏನು ಅಂತ ಗೊತ್ತಾಗಿಬಿಟ್ರೆ..."

"ಗೊತ್ತಿಲ್ಲ ಅಂತ ಹೇಳಿಬಿಡ್ಬಾರದಿತ್ತಾ?"

"ಗೊತ್ತಿಲ್ಲ ಅಂತಲೇ ಹೇಳಿದ್ದು ಕಣೇ."

"ಗೊತ್ತು ಅಂದು ಆಮೇಲೆ ಗೊತ್ತಿಲ್ಲ ಅಂದ್ರಿ. ಅದು ಬೇರೆ, ಇದು ಬೇರೆ." ದಿನವಿಡೀ ಪರೀಕ್ಷಾ ನಳಿಗೆ ಹಿಡಿದು ಕೂರುವವಳಿಗೆ ವ್ಯತ್ಯಾಸಗಳು ಬೇಗ ಕಾಣುತ್ತವೆ.

ಅಷ್ಟರಲ್ಲಿ ಅವಳ ತಮ್ಮ ಫೋನ್ ಕಿತ್ತುಕೊಂಡ. ಅವನು ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಆದ್ದರಿಂದ ನಮ್ಮ ಕುಟುಂಬದಲ್ಲಿ ವಿಜ್ಞಾನಿ.

"ಭಾವ, ತಲೆ ಕೆಡಿಸ್ಕೋಬೇಡಿ. ಮೂರೇ ಪರೀಕ್ಷೆ. ಅದು ಎಲ್ಲಿ ವಾಸ ಮಾಡ್ತಿದೆ, ಅದರ ಮೇಲೆ ಯಾರ ಸಹಿ ಇದೆ, ಎಷ್ಟು ತಿಂತಾ ಇದೆ. ಒಳ್ಳೇ ಪ್ರೋಗ್ರಾಂ ಒಳ್ಳೇ ಜಾಗದಲ್ಲಿರುತ್ತೆ, ಒಳ್ಳೇ ಕಂಪನಿ ಸಹಿ ಇರುತ್ತೆ, ಮಿತವಾಗಿ ತಿನ್ನುತ್ತೆ. ಹೆಸರಿನ ಮೇಲೆ ಮೌಸಿನ ಬಲಗಡೆ ಗುಂಡಿ ಒತ್ತಿ, ಎಲ್ಲ ಹೇಳುತ್ತೆ."

"ಅಷ್ಟೇನಾ?"

"ಅಷ್ಟೇ ಭಾವ. ನೀವು ಅಕ್ಕನ್ನ ನೋಡೋಕೆ ಬಂದಾಗ ನಮ್ಮಪ್ಪನೂ ಇವೇ ಮೂರು ನೋಡಿದ್ದು."

ನಾನು ಆ ಪರೀಕ್ಷೆಯಲ್ಲಿ ಹೇಗೆ ಪಾಸಾದೆನೆಂದು ಕೇಳಲಿಲ್ಲ.

ಶುಕ್ರವಾರ ಬೆಳಗ್ಗೆ ಸಾಹೇಬರು, ಮೇಡಂ, ಜವಾನ ಮೂವರ ಸಮಕ್ಷಮದಲ್ಲಿ ಬಲಗಡೆ ಗುಂಡಿ ಒತ್ತಿದೆ. ವಾಸ: ಮೂಲೆಯ ಒಂದು ಫೋಲ್ಡರಿನಲ್ಲಿ ಒಂಟಿಯಾಗಿ. ಅಲ್ಲಿಗೆ ಸಾಹೇಬರ ಹುಬ್ಬು ಮೇಲೆ ಹೋಯಿತು. ತಿನ್ನುವುದು: ಸೊನ್ನೆ.

"ಏನೂ ತಗೊಳ್ಳೋದಿಲ್ವಾ?" ಎಂದರು ಸಾಹೇಬರು. "ಏನೂ ತಗೊಳ್ಳದೆ ಕೆಲಸ ಮಾಡ್ತಿದೆ ಅಂದ್ರೆ ಏನೋ ಮಸಲತ್ತಿದೆ."

ಮೂರನೆಯದು ಸಹಿ. ಯಾವುದೋ ಕಂಪನಿಯ ಸಹಿ ಇತ್ತು. ಅದರ ಕೆಳಗೆ ಸಹಿಪತ್ರದ ಅವಧಿ ಏಳು ವರ್ಷದ ಹಿಂದೆಯೇ ಮುಗಿದಿರುವುದಾಗಿ ದಿನಾಂಕ ಸಹಿತ ಬರೆದಿತ್ತು.

ಬೇರೆ ಯಾವುದೇ ಕಚೇರಿಯಲ್ಲಿ ಇದು ಒಂದು ಸಾಧಾರಣ ಸಂಗತಿ. ಆದರೆ ಓದುಗರು ನೆನಪಿಡಬೇಕು, ನಮ್ಮದು ತೂಕ ಮತ್ತು ಅಳತೆ ಕಚೇರಿ. ನಮ್ಮ ಜಗತ್ತಿನಲ್ಲಿ ಕೊಲೆಗೆ ಕ್ಷಮೆ ಇರಬಹುದು, ಅವಧಿ ಮುಗಿದ ಮುದ್ರೆಗೆ ಇಲ್ಲ. ಊರಿನ ನೂರಾರು ಅಂಗಡಿಗಳಿಗೆ ಹೋಗಿ ಅವಧಿ ಮುಗಿದ ತಕ್ಕಡಿಗಳನ್ನು ಎತ್ತಿಕೊಂಡು ಬರುವ ಕಚೇರಿಯ ಹೊಟ್ಟೆಯೊಳಗೇ ಅವಧಿ ಮುಗಿದದ್ದೊಂದು ಏಳು ವರ್ಷದಿಂದ ರಾಜಾರೋಷವಾಗಿ ಕೆಲಸ ಮಾಡುತ್ತಿದೆ!

ಸಾಹೇಬರು ಮೆಲ್ಲಗೆ ಕೂತರು. "ಬಾಗಿಲು ಹಾಕಯ್ಯಾ," ಎಂದರು ಜವಾನನಿಗೆ.

ಅವನು ಹಾಕಿದ. ಆದರೆ ಹೊರಗೆ ಪಡಸಾಲೆಯ ಬೆಂಚುಗಳಲ್ಲಿ ಗುರುವಾರದಿಂದ ಕಾಯುತ್ತಿದ್ದವರು ಕೇಳಬೇಕಾದ್ದನ್ನು ಆಗಲೇ ಕೇಳಿಸಿಕೊಂಡಿದ್ದರು. ಹದಿನೆಂಟು ಜನ, ಹದಿನೆಂಟು ಮಡಿಲು, ಹದಿನೆಂಟು ತಕ್ಕಡಿ. ಆಸ್ಪತ್ರೆಯಲ್ಲಿ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಕೂತಂತೆ ಕಾಣುತ್ತಿದ್ದರು. ಪ್ರೋಗ್ರಾಂ ಏನೆಂದು ಅವರಿಗೆ ಗೊತ್ತಿರಲಿಲ್ಲ. ನಮಗೂ ಗೊತ್ತಿರಲಿಲ್ಲವಾದ್ದರಿಂದ ಅದು ಅಂಥ ಕೊರತೆಯಲ್ಲ.

ಮೊದಲು ಎದ್ದವನು ದಿನಸಿ ಅಂಗಡಿಯವನು. ಹೋದ ತಿಂಗಳು ಅವನ ತಕ್ಕಡಿ ಕಿಲೋಗೆ ನಲವತ್ತು ಗ್ರಾಂ ಮೋಸ ಮಾಡುತ್ತಿದ್ದದ್ದು ಸಿಕ್ಕಿಬಿದ್ದಿತ್ತು.

"ಅದಕ್ಕೇ ನೋಡಿ! ನನ್ನ ತಕ್ಕಡಿ ಹರಿಶ್ಚಂದ್ರನಂಥದ್ದು. ಇವರ ಕಂಪ್ಯೂಟರ್ ಒಳಗೆ ಯಾರೋ ಸೇರ್ಕೊಂಡು ಲೆಕ್ಕ ತಿರುಚಿದಾನೆ!"

"ನಿನ್ನ ತಕ್ಕಡಿ ನಿಮ್ಮಪ್ಪನ ಕಾಲದಿಂದಲೂ ಕಮ್ಮೀನೇ ತೂಗ್ತಿತ್ತು," ಎಂದಳು ಪಕ್ಕದಲ್ಲಿದ್ದ ತರಕಾರಿ ಅಜ್ಜಿ. "ಆಗ ಯಾವ ಕಂಪ್ಯೂಟರ್ ಇತ್ತಪ್ಪಾ?"

"ಅಜ್ಜಿ, ನಿಂಗೇನು ಗೊತ್ತು ಇದೆಲ್ಲ?"

"ನಂಗೆ ನೀನು ಗೊತ್ತು. ಅಷ್ಟು ಸಾಕು."

ಆದರೂ ಅವನು ಅರ್ಜಿ ಬರೆದ. ಅರ್ಜಿ ಬಂದ ಮೇಲೆ ಆವಕ ಸಂಖ್ಯೆ ಕೊಡಲೇಬೇಕು. ಒಬ್ಬನಿಗೆ ಸಂಖ್ಯೆ ಸಿಕ್ಕಿದ್ದನ್ನು ಕಂಡು ಉಳಿದವರೂ ಬರೆದರು. ಅಕ್ಕಸಾಲಿಯೊಬ್ಬ ತನ್ನ ಯಂತ್ರ ಇತ್ತೀಚೆಗೆ ಉಸಿರು ತಾಗಿದರೂ ನಡುಗುತ್ತದೆಂದೂ, ಅದಕ್ಕೆ ಸದರಿ ಅಪರಿಚಿತನೇ ಕಾರಣವೆಂದೂ ಬರೆದ. ಇನ್ನೊಬ್ಬ ತಾನು ಆರು ತಿಂಗಳಲ್ಲಿ ಎಂಟು ಕಿಲೋ ದಪ್ಪಗಾಗಿರುವುದನ್ನು ಮರುಪರಿಶೀಲಿಸಬೇಕೆಂದು ಕೋರಿದ. ಮಧ್ಯಾಹ್ನದ ಹೊತ್ತಿಗೆ ಹದಿನೇಳು ಅರ್ಜಿಗಳು. ಬರೆಯದೆ ಉಳಿದವಳು ಅಜ್ಜಿಯೊಬ್ಬಳೇ. "ನನ್ನ ತಕ್ಕಡಿ ಸರಿಯಾಗೇ ಇದೆ. ಕಾಗದ ಕೊಟ್ರೆ ಹೋಗ್ತೀನಿ," ಎನ್ನುತ್ತಿದ್ದಳು. ಇಂಥ ಸರಳ ಬೇಡಿಕೆಗೆ ನಮ್ಮಲ್ಲಿ ಯಾವ ನಮೂನೆಯೂ ಇರಲಿಲ್ಲ.

ನಾಲ್ಕು ಗಂಟೆಗೆ ಕಂಪ್ಯೂಟರ್ ರಿಪೇರಿಯವನು ಬಂದ. ನಲವತ್ತು ದಾಟಿದ, ನಿದ್ದೆ ಕಡಿಮೆಯಾದ ಮುಖದ ಮನುಷ್ಯ. ಹೆಲ್ಮೆಟ್ಟನ್ನೂ ತೆಗೆಯದೆ ಕೂತ. ಆ ಫೋಲ್ಡರ್ ತೆರೆದ, ವೈರಸ್ ಹುಡುಕುವ ಪ್ರೋಗ್ರಾಂ ಓಡಿಸಿದ, ತನ್ನ ಫೋನಿನಲ್ಲಿ ಆ ಹೆಸರು ಹುಡುಕಿದ. ಒಟ್ಟು ನಾಲ್ಕು ನಿಮಿಷ.

"ಏನಿಲ್ಲ ಸಾರ್. ಇದು ಹಳೇ ಪ್ರಿಂಟರ್ ಜೊತೆ ಬಂದಿರೋದು. ಶಾಯಿ ಎಷ್ಟಿದೆ ಅಂತ ನೋಡ್ಕೊಳ್ಳೋದು ಇದರ ಕೆಲಸ. ಈಗ ಆ ಪ್ರಿಂಟರ್ ಇಲ್ಲ. ಆದ್ರೂ ಆಗಾಗ ಎದ್ದು, ಪ್ರಿಂಟರ್ ಬಂತಾ ಅಂತ ನೋಡುತ್ತೆ. ಇಲ್ಲ ಅಂತ ಗೊತ್ತಾದ್ರೆ ಸುಮ್ಮನಾಗುತ್ತೆ."

"ಇಷ್ಟು ವರ್ಷದಿಂದ?" ಎಂದರು ಮೇಡಂ.

"ಹೂಂ ಮೇಡಂ."

ಜವಾನ ಪರದೆಯ ಕಡೆ ನೋಡಿ, "ಪಾಪ," ಎಂದ.

"ಆ ಅವಧಿ ಮುಗಿದ ಸಹಿ?" ಸಾಹೇಬರು ಕೇಳಿದರು.

"ಸಹಿ ಹಾಕಿದ ದಿನ ಊರ್ಜಿತ ಇತ್ತಲ್ಲ ಸಾರ್, ಅಷ್ಟು ಸಾಕು. ಅಪಾಯ ಏನೂ ಇಲ್ಲ."

ನನಗೆ ಹೋದ ಜೀವ ಬಂತು. ಗುಡ್ಡ ಅಗೆದು ಇಲಿ ಹಿಡಿದದ್ದಾಯಿತು. ಆದರೂ ಇಲಿ ಸಿಕ್ಕಿತಲ್ಲ! ನಾನು ಪೆನ್ನು ತೆಗೆದು ಮೇಡಂ ಮುಂದೆ ಹಿಡಿದೆ. ಮೇಡಂ ಸಾಹೇಬರನ್ನು ನೋಡಿದರು. ಸಾಹೇಬರು ರಿಪೇರಿಯವನನ್ನು ನೋಡಿದರು.

"ಬರೆದುಕೊಡಿ," ಎಂದರು.

"ಏನಂತ ಸಾರ್?"

"ಸದರಿ ಪ್ರೋಗ್ರಾಮಿನಿಂದ ಇಂದಾಗಲೀ ಮುಂದಾಗಲೀ ಯಾವ ತೊಂದರೆಯೂ ಆಗೋದಿಲ್ಲ ಅಂತ."

"ಸಾರ್, ಹಾಗಂತ ನನ್ನ ಮದುವೇಲೂ ಯಾರೂ ಬರೆದುಕೊಡಲಿಲ್ಲ," ಎಂದ ಅವನು. "ಅಷ್ಟು ಭಯ ಇದ್ರೆ ತೆಗೆದುಹಾಕಿಬಿಡ್ತೀನಿ. ಎರಡು ಕ್ಲಿಕ್."

"ತೆಗೀರಿ, ತೆಗೀರಿ!" ನಾನು ಕೂಗಿದೆ.

ಆಗ ಜವಾನ, ಮುಪ್ಪಿನಿಂದಲೋ ಒಳ್ಳೆಯತನದಿಂದಲೋ, ನೆನಪು ಮಾಡಿಕೊಂಡ. "ಆ ಪ್ರಿಂಟರ್ ಗುಜರಿಗೆ ಹೋಯ್ತಲ್ಲ ಸಾರ್. ನಾನೇ ತಲೆ ಮೇಲೆ ಹೊತ್ಕೊಂಡು ಹೋಗಿ ಹಾಕಿ ಬಂದಿದ್ದು. ಆಗ ತಾವು ಹೆಡ್ ಕ್ಲರ್ಕು. ತಾವೇ ಬರೆದುಕೊಟ್ಟಿದ್ರಿ."

ಕಡತ ತರಿಸಿದರು. ದೂಳು ಕೊಡವಿ ತೆರೆದರೆ ಸಾಹೇಬರದೇ ಅಕ್ಷರ: ‘ಸದರಿ ಮುದ್ರಣ ಯಂತ್ರವು ತನ್ನ ಸಮಸ್ತ ಅಂಗಾಂಗಗಳೊಂದಿಗೆ ಸಂಪೂರ್ಣ ನಿರುಪಯುಕ್ತವಾಗಿದ್ದು, ಅದರ ಯಾವ ಭಾಗವೂ ಕೆಲಸ ಮಾಡುತ್ತಿಲ್ಲವೆಂದು ಈ ಮೂಲಕ ದೃಢೀಕರಿಸಿದೆ.’

ಸಾಹೇಬರು ಅದನ್ನು ಎರಡು ಸಲ ಓದಿದರು. ಆಮೇಲೆ ಪರದೆಯನ್ನು ನೋಡಿದರು. ಅಲ್ಲಿ ನಲವತ್ತೊಂದನೆಯ ಸಾಲಿನಲ್ಲಿ ಆ ಮುದ್ರಣ ಯಂತ್ರದ ಒಂದು ಅಂಗ ಆರೋಗ್ಯವಾಗಿ ಕೆಲಸ ಮಾಡುತ್ತಿತ್ತು.

ಈಗ ಸಮಸ್ಯೆ ಪ್ರೋಗ್ರಾಮಿನದಾಗಿ ಉಳಿಯಲಿಲ್ಲ. ಅದನ್ನು ತೆಗೆದುಹಾಕಿದರೆ, ಕೆಲಸ ಮಾಡುತ್ತಿರುವ ಸರ್ಕಾರಿ ಸ್ವತ್ತಿನ ನಾಶ. ಪಟ್ಟಿಗೆ ಸೇರಿಸಿದರೆ, ದೃಢೀಕರಣ ಸುಳ್ಳು. ಸುಮ್ಮನೆ ಬಿಟ್ಟರೆ ಮೇಡಂ ಸಹಿ ಹಾಕುವುದಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವುದು ಗಾದೆ. ನಮ್ಮಲ್ಲಿ ಹಾವು ಕೋಲಿನ ಒಳಗೇ ಇತ್ತು.

"ಚರ್ಚಿಸೋಣ," ಎಂದರು ಸಾಹೇಬರು. ರಿಪೇರಿಯವನು ಹೆಲ್ಮೆಟ್ ಸರಿಮಾಡಿಕೊಂಡು ಹೊರಟುಹೋದ.

ಶನಿವಾರ ಚರ್ಚಿಸಿದೆವು. ಹನ್ನೊಂದರಿಂದ ಒಂದರವರೆಗೆ ಚರ್ಚಿಸಿದೆವು, ಊಟ ಮಾಡಿ ಬಂದು ಮತ್ತೆ ಚರ್ಚಿಸಿದೆವು. ಐದು ಗಂಟೆಗೆ ಕಚೇರಿ ವೇಳೆ ಮುಗಿಯುತ್ತದೆ. ಮೂರಕ್ಕೆ ನಾನು ಮೇಡಂ ಬಳಿ ಹೋಗಿ ನಿಂತೆ.

"ಮೇಡಂ, ನಾಲ್ಕು ವರ್ಷ ಕಾದಿದೀನಿ."

ಅವರು ತಲೆ ತಗ್ಗಿಸಿದರು. "ನಿಮ್ಮ ಮೇಲೆ ನನಗೇನೂ ಸಿಟ್ಟಿಲ್ಲ. ಆ ವಿಚಾರಣೆ ನಡೆದ ಮೂರು ವರ್ಷ ನಮ್ಮತ್ತೆ ನನ್ನನ್ನ ಕಳ್ಳಿ ಅಂತ ಅನ್ನಲಿಲ್ಲ. ಆದ್ರೆ ಸಂಜೆ ಮನೆಗೆ ಹೋದಾಗಲೆಲ್ಲ ನನ್ನ ಚೀಲದ ಕಡೆ ಒಂದು ಸಲ ನೋಡ್ತಿದ್ರು. ಅಷ್ಟೇ. ಮತ್ತೆ ಅದು ನಂಗೆ ಬೇಡ."

ಇಬ್ಬರೂ ಸ್ವಲ್ಪ ಹೊತ್ತು ಒಂದು ಕೈಯುಳ್ಳ ಕುರ್ಚಿಯನ್ನು ನೋಡುತ್ತಾ ನಿಂತೆವು.

ಮೂರೂವರೆಗೆ ಹೆಂಡತಿಯ ಫೋನ್. "ಬಸ್ಸು ಹತ್ತಿದ್ರಾ?"

"ಇಲ್ಲ, ಚರ್ಚೆ ನಡೀತಾ ಇದೆ."

"ಬಟ್ಟೆ ಮತ್ತೆ ಕಪಾಟಿಗೆ ತುಂಬ್ಲಾ?" ಅವಳ ದನಿಯಲ್ಲಿ ಕೋಪವಿರಲಿಲ್ಲ. ಒಂಬತ್ತು ಅರ್ಜಿ ಹಾಕಿದವನ ಹೆಂಡತಿ ಅವಳು, ಅವಳಿಗೂ ದಣಿವಾಗಿತ್ತು. "ಐದು ಗಂಟೆವರೆಗೆ ತುಂಬಬೇಡ," ಎಂದೆ.

ನಾಲ್ಕಕ್ಕೆ ತರಕಾರಿ ಅಜ್ಜಿ ಯಾರನ್ನೂ ಕೇಳದೆ ಸಾಹೇಬರ ಕೋಣೆಗೆ ನುಗ್ಗಿ, ತಕ್ಕಡಿಯನ್ನು ಧೊಪ್ಪನೆ ಮೇಜಿನ ಮೇಲಿಟ್ಟಳು. ತಟ್ಟೆಗಳು ಒಂದೆರಡು ಸಲ ತೂಗಿ ನಿಂತವು.

"ಸ್ವಾಮಿ, ಮೂರು ದಿನದಿಂದ ಇದನ್ನ ಮಡಿಲಲ್ಲಿ ಇಟ್ಕೊಂಡು ಕೂತಿದೀನಿ. ಮಗು ಆಗಿದ್ರೆ ಇಷ್ಟೊತ್ತಿಗೆ ನಡೆಯೋಕೆ ಕಲಿತಿರೋದು. ಅದೇನು ನಿಮ್ಮ ಕಷ್ಟ, ಹೇಳಿ."

ಸಾಹೇಬರಿಗೆ ಯಾರಾದರೂ ಕಷ್ಟ ಕೇಳಿ ಬಹಳ ವರ್ಷವಾಗಿತ್ತೋ ಏನೋ, ಹೇಳಿಯೇಬಿಟ್ಟರು. ಒಂದು ವಸ್ತು ಇದೆ, ಯಾರದ್ದೂ ಅಲ್ಲ, ಇಟ್ಟುಕೊಳ್ಳುವಂತಿಲ್ಲ, ಎಸೆಯುವಂತಿಲ್ಲ.

"ಕಚ್ಚುತ್ತಾ?"

"ಇಲ್ಲ."

"ಕೊಳೆಯುತ್ತಾ?"

"ಇಲ್ಲ."

"ಮತ್ತಿನ್ನೇನು? ನಮ್ಮ ಮಾರ್ಕೆಟ್‌ನಲ್ಲಿ ಸಂಜೆ ಯಾರದ್ದು ಅಂತ ಗೊತ್ತಿಲ್ಲದ ಬುಟ್ಟಿ ಉಳಿದ್ರೆ, ಕೊನೇಲಿ ಹೊರಡೋನು ಹೊತ್ಕೊಂಡು ಹೋಗ್ಬೇಕು. ಕೇಳೋರು ಬಂದ್ರೆ ಅವನ ಮನೇಲಿ ಕೇಳ್ತಾರೆ. ಇಲ್ದಿದ್ರೆ ಗೇಟು ಹಾಕೋದು ಹೇಗೆ? ನಿಮ್ಮಲ್ಲಿ ಯಾರು ಹೊರಟಿರೋದು?"

ಕೋಣೆಯಲ್ಲಿದ್ದ ಎಲ್ಲರೂ ನನ್ನ ಕಡೆ ತಿರುಗಿದರು.

ಇಪ್ಪತ್ತೆಂಟು ವರ್ಷದ ಸೇವೆಯಲ್ಲಿ ಮೊದಲ ಬಾರಿಗೆ ನಮ್ಮ ಸಾಹೇಬರು ಚರ್ಚೆಯಿಲ್ಲದೆ ಪೆನ್ನು ಎತ್ತಿದರು. ನನ್ನ ಬಿಡುಗಡೆ ಆದೇಶ ಹೀಗಿತ್ತು: ‘ಸದರಿ ನೌಕರರನ್ನು ಇಂದು ಅಪರಾಹ್ನ, ಪ್ರೋಗ್ರಾಂ ಸಂಖ್ಯೆ ನಲವತ್ತೊಂದರ ಸಹಿತವಾಗಿ ಈ ಕಚೇರಿಯ ಕರ್ತವ್ಯದಿಂದ ಬಿಡುಗಡೆಗೊಳಿಸಲಾಗಿದೆ. ಸದರಿ ಇಬ್ಬರೂ ಸೋಮವಾರ ಬೆಳಗ್ಗೆ ಹೊಸ ಕಚೇರಿಯಲ್ಲಿ ವರದಿ ಮಾಡಿಕೊಳ್ಳತಕ್ಕದ್ದು.’

ರಿಪೇರಿಯವನನ್ನು ಮತ್ತೆ ಕರೆಸಿದರು. ಅವನು ಆ ಪ್ರೋಗ್ರಾಮನ್ನು ಬೆರಳುದ್ದದ ಒಂದು ಪೆನ್‌ಡ್ರೈವಿಗೆ ಹಾಕಿದ. "ಬರೀ ಹೀಗೆ ತಗೊಂಡು ಹೋದ್ರೆ ಬೇರೆ ಕಡೆ ಇದು ಓಡಲ್ಲ ಸಾರ್," ಎಂದ.

"ಓಡ್ಬೇಕು ಅಂತ ಇಲ್ಲಿ ಯಾರಾದ್ರೂ ಹೇಳಿದ್ರಾ?" ಎಂದರು ಸಾಹೇಬರು.

ಎರಡು ಕ್ಲಿಕ್. ಕಂಪ್ಯೂಟರಿನಲ್ಲಿ ನಲವತ್ತೊಂದನೆಯ ಸಾಲು ಮಾಯವಾಯಿತು. ಮೇಡಂ ಕನ್ನಡಕ ಹಾಕಿ ಮೇಲಿನಿಂದ ಎಣಿಸಿದರು. ತೊಂಬತ್ತೆರಡು. ಪೆನ್ನಿನ ಕ್ಯಾಪು ತೆಗೆದರು.

ಅಷ್ಟರಲ್ಲಿ ರಿಪೇರಿಯವನು ನನ್ನ ಕಿವಿಯಲ್ಲಿ, "ಬೇಗ ಹಾಕಿಸ್ಕೊಳ್ಳಿ. ಆ ಲೆಕ್ಕ ನಿಮಿಷಕ್ಕೊಂದು ಥರ ಬದಲಾಗ್ತಾ ಇರುತ್ತೆ. ನೋಡಿ, ಈಗಾಗ್ಲೇ ತೊಂಬತ್ತೈದು," ಎಂದ.

ನಾನು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಪರದೆಗೆ ಬೆನ್ನು ಕೊಟ್ಟು ನಿಂತೆ. ಆರು ವರ್ಷದಲ್ಲಿ ಆ ಕಂಪ್ಯೂಟರಿಗೆ ಸಂಬಂಧಿಸಿದಂತೆ ನಾನು ಮಾಡಿದ ಅತ್ಯಂತ ಚುರುಕಿನ ಕೆಲಸ ಅದು. ಮೇಡಂ ಸಹಿ ಹಾಕಿದರು. ಗಂಟೆ ನಾಲ್ಕು ಐವತ್ತು. ಹೊಸ ಗುಮಾಸ್ತೆಯಾಗಿ ಅವರು ಮುದ್ರಿಸಿದ ಮೊದಲ ಪ್ರಮಾಣಪತ್ರ ತರಕಾರಿ ಅಜ್ಜಿಯದು. ಅವಳು ಅದನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿ, ನನಗೆ, "ಹುಷಾರಾಗಿ ಹೊತ್ಕೊಂಡು ಹೋಗಪ್ಪಾ," ಎಂದಳು.

ಸೋಮವಾರ ಹತ್ತು ಗಂಟೆಗೆ ಹೊಸ ಕಚೇರಿಯ ಮೆಟ್ಟಿಲು ಹತ್ತಿದೆ. ಹೆಂಡತಿ ಗೇಟಿನವರೆಗೆ ಬಂದು, "ಒಳಗೆ ಹೋಗಿ ಜಾಸ್ತಿ ಮಾತಾಡಬೇಡಿ," ಎಂದು ಹೇಳಿ ಆಸ್ಪತ್ರೆಗೆ ಹೋಗಿದ್ದಳು.

ಅಲ್ಲಿನ ಅಧಿಕಾರಿ ತೆಳ್ಳಗಿನ, ನಿಧಾನದ ಮನುಷ್ಯ. ಬಿಡುಗಡೆ ಆದೇಶ ಓದಿದರು. ‘ಸಹಿತವಾಗಿ’ ಎಂಬಲ್ಲಿ ನಿಂತರು. ನನ್ನ ಕೈ ನೋಡಿದರು, ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದರು.

"ಇನ್ನೊಬ್ಬರೆಲ್ಲಿ?"

ಜೇಬಿನಿಂದ ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟೆ. ಅವರು ಅದನ್ನು ಮುಟ್ಟಲಿಲ್ಲ.

"ಏನಿದು?"

ನಾಲ್ಕು ನಿಮಿಷದ ಪರೀಕ್ಷೆಯೂ ಮೂರು ದಿನದ ಚರ್ಚೆಯೂ ನನ್ನ ನಾಲಿಗೆಯ ತುದಿಗೆ ಬಂದವು. ಹಳೇ ಪ್ರಿಂಟರು, ಶಾಯಿ, ಸಹಿಯ ಅವಧಿ, ಎಲ್ಲವನ್ನೂ ಚೆನ್ನಾಗಿ ವಿವರಿಸಬಲ್ಲವನಾಗಿದ್ದೆ. ಜೀವನದಲ್ಲಿ ಮೊದಲ ಬಾರಿಗೆ ನನಗೆ ಕಂಪ್ಯೂಟರಿನ ಬಗ್ಗೆ ಒಂದು ವಿಷಯ ನಿಜವಾಗಿಯೂ ಗೊತ್ತಿತ್ತು.

"ಗೊತ್ತಿಲ್ಲ ಸಾರ್," ಎಂದೆ.

"ಅಪಾಯದ್ದೇನಾದ್ರೂ?"

"ಗೊತ್ತಿಲ್ಲ ಸಾರ್."

"ನಿಮಗೆ ಕಂಪ್ಯೂಟರ್ ಬರುತ್ತಾ?"

"ಆನ್ ಮಾಡೋದು ಬರುತ್ತೆ."

ಅಧಿಕಾರಿಯ ಮುಖ ಸಡಿಲವಾಯಿತು. ಬಹಳ ದಿನದಿಂದ ಇಂಥ ಒಬ್ಬ ಮನುಷ್ಯನಿಗಾಗಿ ಕಾದಿದ್ದವರಂತೆ ಕಂಡರು. ಒಂದು ಚೀಟಿಯ ಮೇಲೆ ದಿನಾಂಕ ಬರೆದು, ದಾರದಿಂದ ಪೆನ್‌ಡ್ರೈವಿಗೆ ಕಟ್ಟಿಸಿ, ಮೇಜಿನ ಕೆಳಗಿನ ಖಾನೆ ಎಳೆದರು. ಒಳಗೆ ಚೀಟಿ ಕಟ್ಟಿದ ಪೆನ್‌ಡ್ರೈವ್‌ಗಳು, ಸಿಡಿ ತಟ್ಟೆಗಳು, ವೈರಿನ ಸುರುಳಿಗಳು, ಯಾವುದೋ ಬೀಗವಿಲ್ಲದ ಬೀಗದ ಕೈಗಳು, ಒಂದು ಒಂಟಿ ತೂಕದ ಬಟ್ಟು ಒತ್ತಾಗಿ ಮಲಗಿದ್ದವು. ಒಂದೊಂದೂ ಒಬ್ಬೊಬ್ಬ ವರ್ಗವಾಗಿ ಬಂದವನ ಜೊತೆ ಬಂದದ್ದು.

ಅವರು ನನ್ನದನ್ನು ಒಂದು ಸಂದಿನಲ್ಲಿ ತುರುಕಿ, ಖಾನೆಯನ್ನು ಮೊಣಕಾಲಿನಿಂದ ಒತ್ತಿ ಮುಚ್ಚಿದರು.

"ಇಪ್ಪತ್ತಮೂರನೇದು," ಎಂದರು. "ಇಲ್ಲಿ ಸಹಿ ಹಾಕಿ."

ನಾನು ಮಾತಾಡದೆ ಹಾಕಿದೆ.